ಸದ್ದಿಲ್ಲದೆ ಒಳಗೆ ಉಳಿಯುವವರು

ಪ್ರಶ್ನೆ: ಸರ್ಕಾರಗಳ ಬೆಂಬಲವಿರುವ ಸೈಬರ್ ಬೇಹುಗಾರರು ದೊಡ್ಡ ಸಂಸ್ಥೆಗಳಿಗೇ ನುಗ್ಗುತ್ತಾರೆಂದು ಓದುತ್ತೇವೆ. ಆಂಟಿವೈರಸ್, ಫೈರ್‌ವಾಲ್‌ಗಳಿದ್ದೂ ಇದು ಹೇಗೆ ಸಾಧ್ಯ? ಇಂಥವರಿಂದ ಕಾಪಾಡಿಕೊಳ್ಳುವ ದಾರಿ ಯಾವುದು?

ಉತ್ತರ: ಹಣಕ್ಕಾಗಿ ಬರುವ ಕಳ್ಳ ಸಿಕ್ಕಿದ್ದನ್ನು ದೋಚಿ ಹೊರಡುತ್ತಾನೆ, ಬೇಹುಗಾರ ಬರುವುದೇ ಒಳಗೆ ಉಳಿಯುವುದಕ್ಕೆ. ಚೀನಾ ಸೇನೆಯ 61398ನೇ ಘಟಕದ್ದೆಂದು ಮ್ಯಾಂಡಿಯಂಟ್ ಎಂಬ ಸೈಬರ್ ಭದ್ರತಾ ಕಂಪನಿ 2013ರ ವರದಿಯಲ್ಲಿ ಬಹಿರಂಗಪಡಿಸಿದ ‘ಎಪಿಟಿ1’ ಗುಂಪು, ತಾನು ಹೊಕ್ಕ ಜಾಲಗಳಲ್ಲಿ ಸರಾಸರಿ 356 ದಿನ, ಒಂದು ಕಡೆಯಂತೂ 1,764 ದಿನ ಉಳಿದಿತ್ತೆಂದು ಆ ವರದಿ ಹೇಳುತ್ತದೆ. ಆಂಟಿವೈರಸ್ ಹುಡುಕುವುದು ಮುಖ್ಯವಾಗಿ ದುಷ್ಟ ತಂತ್ರಾಂಶವನ್ನು. ಕದ್ದ ಪಾಸ್‌ವರ್ಡಿನಿಂದ ಲಾಗಿನ್ ಆಗಿ, ವಿಂಡೋಸ್‌ನಲ್ಲಿ ಮೊದಲೇ ಇರುವ ಸಾಧನಗಳನ್ನೇ ಬಳಸುವವನು ಅದರ ಕಣ್ಣಿಗೆ ಸಿಬ್ಬಂದಿಯಂತೆಯೇ ಕಾಣುತ್ತಾನೆ.

2020ರಲ್ಲಿ ಬಯಲಾದ, ಸೋಲಾರ್‌ವಿಂಡ್ಸ್ ಎಂಬ ತಂತ್ರಾಂಶ ಕಂಪನಿಯ ಪ್ರಕರಣದಲ್ಲಿ ಸುಮಾರು 18,000 ಗ್ರಾಹಕರಿಗೆ ಹಿಂಬಾಗಿಲು (ಹೊರಗಿನವರು ಗುಟ್ಟಾಗಿ ಒಳಬರುವ ದಾರಿ) ತಲುಪಿದ್ದು ಅವರು ನಂಬಿದ್ದ ತಂತ್ರಾಂಶದ ಅಪ್‌ಡೇಟಿನ ಮೂಲಕವೇ. ಅಮೆರಿಕ ಇದನ್ನು ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಕೆಲಸವೆಂದು ಹೇಳಿತು. ಅದು ಬಯಲಾದ ಬಗೆಯನ್ನು ಪ್ರತಿಯೊಂದು ಸಂಸ್ಥೆಯೂ ತಿಳಿದಿರಬೇಕು. ಫೈರ್‌ಐ ಎಂಬ ಸೈಬರ್ ಭದ್ರತಾ ಕಂಪನಿಯಲ್ಲಿ ಉದ್ಯೋಗಿಯೊಬ್ಬರ ಹೆಸರಿನಲ್ಲಿ ಲಾಗಿನ್ ದೃಢೀಕರಿಸಲು ಎರಡನೇ ಫೋನ್ ನೋಂದಣಿಯಾಗಿರುವುದನ್ನು ಭದ್ರತಾ ಸಿಬ್ಬಂದಿ ಗಮನಿಸಿ, ಅವರಿಗೆ ಕರೆ ಮಾಡಿ ಕೇಳಿದರು. ತಾನು ನೋಂದಾಯಿಸಿಲ್ಲ ಎಂಬ ಉತ್ತರ ಬಂತು. ಆ ಎಳೆಯನ್ನು ಹಿಡಿದು ಹೊರಟದ್ದು ಕೊನೆಗೆ ಆ ಅಪ್‌ಡೇಟಿಗೆ ಮುಟ್ಟಿತು.

ಆದ್ದರಿಂದ, ಯಾರೂ ಒಳಬಾರದಂತೆ ಗೋಡೆ ಎತ್ತರಿಸುವುದರಷ್ಟೇ, ಬಂದವರು ಬೇಗ ಕಣ್ಣಿಗೆ ಬೀಳುವಂತೆ ಮಾಡುವುದೂ ಅಗತ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಲಾಗಿನ್ ದಾಖಲೆಗಳನ್ನು ನುಗ್ಗಿದವರು ಅಳಿಸಲಾಗದ ಬೇರೊಂದು ಸರ್ವರಿನಲ್ಲಿ ಕನಿಷ್ಠ ಒಂದು ವರ್ಷ ಇಡಬೇಕು. ಅದಕ್ಕಿಂತ ಮುಖ್ಯವಾಗಿ, ಅವುಗಳನ್ನು ಓದಿ ಪ್ರಶ್ನಿಸುವ ಅಧಿಕಾರವೂ ಬಿಡುವೂ ಇರುವ ಒಬ್ಬರು ಬೇಕು. ಅಡ್ಮಿನ್ ಖಾತೆಯಿಂದ ಇಮೇಲ್ ನೋಡಬಾರದು, ಎಸ್‌ಎಂಎಸ್ ಒಟಿಪಿಗಿಂತ ಹಾರ್ಡ್‌ವೇರ್ ಕೀ (ಲಾಗಿನ್ ದೃಢೀಕರಿಸುವ ಪುಟ್ಟ ಸಾಧನ) ಸುರಕ್ಷಿತ, ಜಾಲವನ್ನು ವಿಭಾಗಿಸಿದರೆ ಒಂದು ಕಂಪ್ಯೂಟರ್ ಸೋತರೂ ಉಳಿದವೆಲ್ಲ ಸೋಲುವ ಅಪಾಯ ಕಡಿಮೆ. ಇನ್ನು, ಬೇಹುಗಾರನ ಸುಳಿವು ಸಿಕ್ಕ ತಕ್ಷಣ ಒಂದು ಯಂತ್ರವನ್ನು ಮಾತ್ರ ಶುಚಿಗೊಳಿಸಿ ಸುಮ್ಮನಾಗಬೇಡಿ. ಆತ ಸಾಮಾನ್ಯವಾಗಿ ಹಲವು ದಾರಿಗಳನ್ನು ಇಟ್ಟುಕೊಂಡಿರುತ್ತಾನೆ. ಎಲ್ಲವನ್ನೂ ಗುರುತಿಸಿ ಒಟ್ಟಿಗೆ ಮುಚ್ಚದಿದ್ದರೆ ಎಚ್ಚೆತ್ತುಕೊಂಡು ಇನ್ನೂ ಆಳಕ್ಕೆ ಇಳಿಯುತ್ತಾನೆ.

ಪ್ರಶ್ನೆ: ನಮ್ಮದು ಹತ್ತು ಜನರ ಕಚೇರಿ. ನಮ್ಮಲ್ಲಿ ಅವರಿಗೆ ಬೇಕಾದುದೇನಿದೆ?

ಉತ್ತರ: ನಿಮ್ಮ ಕಡತಗಳು ಬೇಡವಾದರೂ ನಿಮ್ಮ ರೂಟರ್ ಬೇಕಾಗಬಹುದು. ಚೀನಾ ಸರ್ಕಾರದ ಬೆಂಬಲವಿದೆಯೆಂದು ಅಮೆರಿಕ ಹೇಳುವ ‘ವೋಲ್ಟ್ ಟೈಫೂನ್’ ಗುಂಪು ತನ್ನ ಜಾಡು ಮರೆಸಲು, ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದ ಹಳೆಯ ರೂಟರುಗಳನ್ನು ಬಳಸಿತ್ತು; ಅಂಥ ನೂರಾರು ರೂಟರುಗಳಿಂದ ಅದರ ತಂತ್ರಾಂಶವನ್ನು ತೆಗೆದುಹಾಕಿದ್ದಾಗಿ ಅಮೆರಿಕದ ನ್ಯಾಯ ಇಲಾಖೆ 2024ರ ಜನವರಿಯಲ್ಲಿ ಪ್ರಕಟಿಸಿತು. ರೀಸ್ಟಾರ್ಟ್ ಮಾಡಿದರೆ ಆ ತಂತ್ರಾಂಶ ಹೋಗುತ್ತಿತ್ತಾದರೂ ಮತ್ತೆ ತಗಲುವ ಸಾಧ್ಯತೆ ಇದ್ದೇ ಇತ್ತು. ಅಪ್‌ಡೇಟ್ ನಿಂತುಹೋದ ರೂಟರನ್ನು, ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ, ದಯವಿಟ್ಟು ಬದಲಾಯಿಸಿ.