ಸಕ್ಕರೆ ಕಾಯಿಲೆ ಬಂದಿದೆ, ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕಾ?

ಸಾಲದು. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಅದರಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪಿಷ್ಟವೇ, ಹೊಟ್ಟೆ ಸೇರಿದ ಮೇಲೆ ಅದೂ ಗ್ಲೂಕೋಸ್ ಆಗುತ್ತದೆ.

ನಮ್ಮ ಅಪ್ಪನ ವಿಷಯದಲ್ಲಿ ಇದೇ ಎಡವಟ್ಟಾಯ್ತು. ಅನ್ನ ನಿಂತಿತು, ತಟ್ಟೆಗೆ ಎರಡು ದೊಡ್ಡ ಮುದ್ದೆ ಬಂತು, ಸಕ್ಕರೆ ಇಳಿಯಲೇ ಇಲ್ಲ. ಪಥ್ಯ ಅಂದರೆ ಅಮ್ಮನ ಕೆಲಸ ಅಂತ ಅವರು ಕೂತಿದ್ದರು. ಕೊನೆಗೆ ತಾವೇ ಬಡಿಸಿಕೊಳ್ಳಲು ಶುರುಮಾಡಿದರು: ಮೊದಲು ಅರ್ಧ ತಟ್ಟೆ ಸೊಪ್ಪು, ಹುರುಳಿಕಾಯಿ ಪಲ್ಯ, ಆಮೇಲೆ ಮೊಳಕೆಕಾಳಿನ ಸಾರಿನ ಜೊತೆ ಕಿತ್ತಳೆ ಗಾತ್ರದ ಒಂದೇ ಮುದ್ದೆ. ರಾತ್ರಿ ಉಂಡ ಕೂಡಲೇ ಟಿವಿ ಮುಂದೆ ಕೂರುವ ಬದಲು 15 ನಿಮಿಷ ನಡಿಗೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ.

ಫಲ ಸಿಗುತ್ತಿದೆಯಾ ಅಂತ ತಿಳಿಯಲು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ರಕ್ತದ ಸಕ್ಕರೆಯ ಹಿಂದಿನ 2-3 ತಿಂಗಳ ಸರಾಸರಿ ತೋರಿಸುತ್ತದೆ, ಹಾಗಾಗಿ ಹಿಂದಿನ ದಿನ ಉಪವಾಸ ಮಾಡಿ ಮರೆಮಾಚಲು ಆಗುವುದಿಲ್ಲ.

ಒಂದು ಎಚ್ಚರಿಕೆ: ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ಹೇಳಿ. ಸಕ್ಕರೆ ತೀರಾ ಕೆಳಗಿಳಿದು ಬೆವರು, ನಡುಕ ಬರಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಲೂಬೇಡಿ.