ಪಿಗ್ಮಿ ಪುಸ್ತಕ ಎಲ್ಲಿದೆ?

ಪ್ರಶ್ನೆ: ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ಗಾಡಿ ಇಟ್ಟುಕೊಂಡಿದ್ದೇನೆ. ವಯಸ್ಸು 38. ಮೂರು ತಿಂಗಳ ಹಿಂದೆ ಹಿರಿಯೂರಿನ ಬಳಿ ನನ್ನ ಬೈಕಿಗೆ ಕಾರೊಂದು ಹಿಂದಿನಿಂದ ಗುದ್ದಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಬಾಣಲೆಯ ಮುಂದೆ ಅರ್ಧ ಗಂಟೆ ನಿಲ್ಲಲಾಗುವುದಿಲ್ಲ. ಹೆಂಡತಿ, ಒಬ್ಬ ಕೂಲಿ ಹುಡುಗನನ್ನು ಇಟ್ಟುಕೊಂಡು ಗಾಡಿ ನಡೆಸುತ್ತಿದ್ದಾಳೆ. ‘ಸಂಬಳದ ಚೀಟಿ ಇಲ್ಲ, ತೆರಿಗೆ ಕಟ್ಟಿಲ್ಲ, ಗಾಡಿಯೂ ನಿಂತಿಲ್ಲ, ಇನ್ನೆಲ್ಲಿಯ ನಷ್ಟ?’ ಎನ್ನುತ್ತಾರೆ ವಿಮೆಯ ಕಡೆಯವರು. ಹೌದೇ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಅಲ್ಲ. ಅವರ ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಓದಿ ನನಗೆ ಸಿಟ್ಟು ಬಂತು. ನಿಮ್ಮ ಮನೆಯವರು ಒಲೆಯ ಮುಂದೆ ನಿಂತು ದುಡಿದದ್ದು ಅವರ ದುಡಿಮೆ. ಮನೆಯಲ್ಲಿ ಒಲೆ ಉರಿಯಿತೇ ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿ ನೋಡುವುದಿಲ್ಲ, ನಿಮ್ಮ ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂದು ನೋಡುತ್ತದೆ. ಹುಡುಗನಿಗೆ ಕೊಡುವ ಕೂಲಿಯನ್ನು ಈವತ್ತಿನಿಂದಲೇ ಒಂದು ಪುಸ್ತಕದಲ್ಲಿ ಬರೆದು ಅವನ ಸಹಿ ಹಾಕಿಸಿ.

ಇನ್ನು ಸಂಬಳದ ಚೀಟಿ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು ಅಪಘಾತದಲ್ಲಿ ಬಲಗಾಲು ಕಳೆದುಕೊಂಡಿದ್ದರು. ಅಂಥವರು ಆದಾಯದ ದಾಖಲೆ ತರಲೇಬೇಕೆಂದು ಹಟ ಹಿಡಿಯುವುದು ಸರಿಯಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಅವರ ಆದಾಯವನ್ನು ತಿಂಗಳಿಗೆ 6,500 ರೂಪಾಯಿ ಎಂದು ತಾನೇ ಹಿಡಿಯಿತು. ಆದರೆ ಅಂದಾಜಿಗೆ ಬಿಟ್ಟರೆ ಕೈಗೆ ಬರುವುದು ಸಾಮಾನ್ಯವಾಗಿ ಕಡಿಮೆ. ನಿಮ್ಮಲ್ಲಿ ದಾಖಲೆ ಇದೆ, ನಿಮಗೆ ಅದು ದಾಖಲೆ ಎಂದು ಹೊಳೆದಿಲ್ಲ, ಅಷ್ಟೇ. ಪಿಗ್ಮಿ ಕಟ್ಟುತ್ತಿದ್ದಿರಲ್ಲವೇ? ಗಾಡಿ ಇಟ್ಟವರಲ್ಲಿ ಕಟ್ಟದವರು ಅಪರೂಪ. ಅಪಘಾತದ ದಿನ ನಿಂತುಹೋದ ಪಿಗ್ಮಿ ಪುಸ್ತಕದಷ್ಟು ನೇರವಾಗಿ ಮಾತನಾಡುವ ಸಾಕ್ಷಿಯನ್ನು ನಾನು ಕಂಡಿಲ್ಲ. ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡಿನ ಖಾತೆಯ ಒಂದು ವರ್ಷದ ವಿವರ, ಭಟ್ಟಿಯಿಂದ ಮಂಡಕ್ಕಿ ತಂದ ಚೀಟಿಗಳು, ಎಣ್ಣೆ, ಕಡಲೆಹಿಟ್ಟು, ಸಿಲಿಂಡರಿನ ಬಿಲ್ಲು, ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ಇದ್ದರೆ ಅದು, ಬೀದಿ ವ್ಯಾಪಾರಿಗಳಿಗೆ ಕೊಡುವ ಸ್ವನಿಧಿ ಸಾಲ ಪಡೆದಿದ್ದರೆ ಅದರ ಕಾಗದ. ಇವೆಲ್ಲ ಒಂದು ಕಡೆ ಸೇರಲಿ.

ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಆದಾಯವಲ್ಲ. ಖರ್ಚು ಕಳೆದು ಉಳಿದದ್ದನ್ನು ಹೇಳಿ. ಅಪಘಾತವಾದ ಮೇಲೆ ಅವಸರದಲ್ಲಿ ತೆರಿಗೆ ವಿವರ ಸಲ್ಲಿಸಿ ದೊಡ್ಡ ಮೊತ್ತ ತೋರಿಸುವ ಸಲಹೆಯನ್ನೂ ಯಾರಾದರೂ ಕೊಡಬಹುದು. ಕೇಳಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಪಿಗ್ಮಿ ಪುಸ್ತಕವನ್ನೂ ಯಾರೂ ನಂಬುವುದಿಲ್ಲ.

ಲೆಕ್ಕ ಹೀಗೆ. ತಿಂಗಳಿಗೆ 15,000 ಉಳಿಯುತ್ತಿತ್ತು ಎನ್ನೋಣ. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಾದರೆ ಮುಂದಿನ ಏಳಿಗೆಗೆಂದು ಶೇ. 40 ಸೇರಿಸುತ್ತಾರೆ, 21,000 ಆಯಿತು. ವರ್ಷಕ್ಕೆ 2,52,000. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ; ನಿಮ್ಮ ವಯಸ್ಸಿಗೆ ಆ ಗುಣಕ 15, ಅಲ್ಲಿಗೆ 37,80,000. ದುಡಿಮೆಯ ನಷ್ಟ ಶೇ. 20 ಎಂದಾದರೆ 7,56,000 ರೂಪಾಯಿ. ಹಾಸಿಗೆ ಹಿಡಿದ ತಿಂಗಳುಗಳ ಆದಾಯ, ಆಸ್ಪತ್ರೆಯ ಖರ್ಚು, ನೋವಿನ ಪರಿಹಾರ ಬೇರೆ.

ಆ 20 ಎಲ್ಲಿಂದ ಬರುತ್ತದೆ ಎನ್ನುವುದರಲ್ಲೇ ಅರ್ಧ ಕೇಸು ಇದೆ. ವೈದ್ಯರು ಕಾಲಿನ ಊನ ಶೇ. 36 ಎಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 12 ಎಂದು ಹಿಡಿಯುವುದು ನಮ್ಮ ಕಡೆಯ ರೂಢಿ. ಆದರೆ ಕುಳಿತು ಬರೆಯುವ ಗುಮಾಸ್ತರ 12 ಬೇರೆ, ನಿಂತು ಮಿರ್ಚಿ ಕರಿಯುವವರ 12 ಬೇರೆ. ಗಾಯವನ್ನು ಕಸುಬಿನ ಜೊತೆಗಿಟ್ಟು ತೂಗಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಚಿಕಿತ್ಸೆ ಕೊಟ್ಟ ವೈದ್ಯರು ನ್ಯಾಯಮಂಡಳಿಗೆ ಬಂದು ನುಡಿಯಬೇಕು; ಬರೀ ಪ್ರಮಾಣಪತ್ರ ಸಾಲದು. ‘ಎಷ್ಟು ಹೊತ್ತು ನಿಲ್ಲಬಲ್ಲರು’ ಎಂಬ ಪ್ರಶ್ನೆಯನ್ನು ನಿಮ್ಮ ವಕೀಲರು ಅವರಿಗೆ ಮರೆಯದೆ ಕೇಳಲಿ.

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮಗೆ ಉಳಿದಿರುವುದು ಮೂರೇ ತಿಂಗಳು. ಹಿರಿಯೂರಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ದಾವಣಗೆರೆಯಲ್ಲೇ ಅರ್ಜಿ ಹಾಕಬಹುದು. ವಿಮೆಯವರು ತಂದ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಪಿಗ್ಮಿ ಏಜೆಂಟರು ನಾಳೆ ಬೀದಿಗೆ ಬಂದಾಗ, ಸಾಕ್ಷಿ ಹೇಳಲು ಬರುವಿರಾ ಎಂದು ಒಂದು ಮಾತು ಕೇಳಿಡಿ.