ಪ್ಲಗಿನ್ ಹಾಕಿದ್ದಾಯಿತು, ಪೋರ್ಟಲ್‌ನಲ್ಲಿ ನಮ್ಮ ಎಪಿಐ ಒಂದೂ ಇಲ್ಲ!

ಪ್ರಶ್ನೆ: ಮೇಡಂ, ನಮಸ್ಕಾರ. ಬೆಳ್ಳಂದೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಎಪಿಐಗಳೆಲ್ಲ, ಅಂದರೆ ಬೇರೆ ಆಪ್‌ಗಳು ನಮ್ಮ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿಗಳೆಲ್ಲ, ತ್ರೀಸ್ಕೇಲ್ (3scale) ಅನ್ನುವ ಎಪಿಐ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿವೆ. ಎಲ್ಲ ಟೀಮಿನವರಿಗೂ ಒಂದೇ ಕಡೆ ಸಿಗಲಿ ಅಂತ ಬ್ಯಾಕ್‌ಸ್ಟೇಜ್ (Backstage) ಅನ್ನುವ ಡೆವಲಪರ್ ಪೋರ್ಟಲ್ ಮಾಡಿ, ಅದಕ್ಕೆ ತ್ರೀಸ್ಕೇಲ್ ಪ್ಲಗಿನ್ ಹಾಕಿದೆವು. ಪೋರ್ಟಲ್ ಚೆನ್ನಾಗಿಯೇ ತೆರೆಯುತ್ತದೆ. ಆದರೆ ಎಪಿಐ ಪುಟದಲ್ಲಿ ಮೊದಲೇ ಇದ್ದ ಸ್ಯಾಂಪಲ್ ಬಿಟ್ಟರೆ ನಮ್ಮದು ಒಂದೂ ಇಲ್ಲ. ಎರಡು ದಿನದಿಂದ ಒದ್ದಾಡುತ್ತಿದ್ದೇವೆ. ಎಲ್ಲಿ ಹುಡುಕಬೇಕು?
ಓದುಗರೊಬ್ಬರು, ಬಿಟಿಎಂ ಲೇಔಟ್

ಉತ್ತರ: ನೀವು ಎರಡು ದಿನದಿಂದ ಆ ಪುಟವನ್ನೇ ನೋಡುತ್ತಾ ಕೂತಿದ್ದರೆ, ಮೊದಲು ಅದನ್ನು ಬಿಡಿ. ಈ ಪ್ಲಗಿನ್ ಕೆಲಸ ಮಾಡುವುದು ಬ್ಯಾಕೆಂಡ್‌ನಲ್ಲಿ, ಅಂದರೆ ಪುಟದ ಹಿಂದೆ ಓಡುವ ಸರ್ವರ್ ಭಾಗದಲ್ಲಿ. ಅದು ಆಗಾಗ ತ್ರೀಸ್ಕೇಲ್‌ಗೆ ಹೋಗಿ, ಅಲ್ಲಿರುವ ಪ್ರಾಡಕ್ಟ್‌ಗಳನ್ನು (ತ್ರೀಸ್ಕೇಲ್‌ನಲ್ಲಿ ಎಪಿಐಗಳಿಗೆ ಇರುವ ಹೆಸರು ಇದು) ಓದಿಕೊಂಡು ಬಂದು, ಬ್ಯಾಕ್‌ಸ್ಟೇಜ್‌ನ ಕ್ಯಾಟಲಾಗ್‌ನಲ್ಲಿ ಎಪಿಐ ಅಂತ ಬರೆದಿಡುತ್ತದೆ. ಹಾಗಾಗಿ ಬ್ಯಾಕೆಂಡ್ ಲಾಗ್ ತೆರೆದು ತ್ರೀಸ್ಕೇಲ್ ಹೆಸರು ಹುಡುಕಿ.

ಹೆಸರೇ ಇಲ್ಲವಾ? ಹಾಗಿದ್ದರೆ ಪ್ಲಗಿನ್ ಡೌನ್‌ಲೋಡ್ ಆಗಿದೆ ಅಷ್ಟೇ, ಜೋಡಣೆ ಆಗಿಲ್ಲ. ಯಾರ್ನ್ ಕಮಾಂಡ್‌ನಿಂದ ಪ್ಯಾಕೇಜ್ ಸೇರಿಸಿದ್ದು ಬ್ಯಾಕೆಂಡ್ ಫೋಲ್ಡರ್‌ಗೋ ಅಥವಾ ಪ್ರಾಜೆಕ್ಟಿನ ಮೂಲ ಫೋಲ್ಡರ್‌ಗೋ ನೋಡಿ, ಅದು ಬ್ಯಾಕೆಂಡ್‌ಗೇ ಸೇರಬೇಕು. ಆಮೇಲೆ ಬ್ಯಾಕೆಂಡ್‌ನ ಇಂಡೆಕ್ಸ್ ಫೈಲಿನಲ್ಲಿ, ಸ್ಟಾರ್ಟ್ ಅನ್ನುವ ಕೊನೆಯ ಸಾಲಿಗಿಂತ ಮೇಲೆ, ಪ್ಲಗಿನ್ ಸೇರಿಸುವ ಸಾಲು ಇರಬೇಕು. ಇಲ್ಲಿ ಇನ್ನೊಂದು ಗೊಂದಲವಿದೆ. ಬ್ಯಾಕ್‌ಸ್ಟೇಜ್ ಅನ್ನು ಸ್ಪಾಟಿಫೈನವರು 2020ರಲ್ಲಿ ಓಪನ್ ಸೋರ್ಸ್ ಮಾಡಿದರು, ಅಲ್ಲಿಂದೀಚೆಗೆ ಅದರ ಬ್ಯಾಕೆಂಡ್ ಕಟ್ಟುವ ರೀತಿಯೇ ಬದಲಾಗಿದೆ. ಹಳೆಯ ಗೈಡ್‌ಗಳು ಪ್ಲಗಿನ್ ಫೋಲ್ಡರ್‌ನ ಕ್ಯಾಟಲಾಗ್ ಫೈಲಿಗೆ ನಾಲ್ಕೈದು ಸಾಲು ಸೇರಿಸಿ ಅನ್ನುತ್ತವೆ. ಹೊಸ ಪ್ರಾಜೆಕ್ಟಿನಲ್ಲಿ ಆ ಫೈಲೇ ಇರುವುದಿಲ್ಲ, ನಾವೇ ಹುಟ್ಟಿಸಿಕೊಂಡರೆ ಅದನ್ನು ಯಾರೂ ಓದುವುದೂ ಇಲ್ಲ. ಎರಡೂ ರೀತಿಯನ್ನು ದಯವಿಟ್ಟು ಬೆರೆಸಬೇಡಿ.

ಲಾಗ್‌ನಲ್ಲಿ ಹೆಸರಿದ್ದು ಜೊತೆಗೆ ಎರರ್ ಇದ್ದರೆ, ಕಾನ್ಫಿಗ್ ಫೈಲಿಗೆ ಬನ್ನಿ. ಕ್ಯಾಟಲಾಗ್, ಅದರೊಳಗೆ ಪ್ರೊವೈಡರ್ಸ್, ಅದರೊಳಗೆ ತ್ರೀಸ್ಕೇಲ್ ಪ್ರೊವೈಡರ್, ಅದರೊಳಗೆ ಡೆವ್ ಅಂತ ಒಂದು ಹೆಸರು, ಆ ಹೆಸರಿನ ಕೆಳಗೆ ತ್ರೀಸ್ಕೇಲ್‌ನ ವಿಳಾಸ, ಟೋಕನ್ (ಒಳಗೆ ಬಿಡಿಸಿಕೊಳ್ಳುವ ಗುಟ್ಟಿನ ಕೀಲಿ), ಶೆಡ್ಯೂಲ್, ಹೀಗೆ ಒಂದರೊಳಗೊಂದು ಇರಬೇಕು. ಈ ಫೈಲ್ ಬರೆಯುವ ಯಾಮಲ್ (YAML) ರೀತಿಯಲ್ಲಿ ಸ್ಪೇಸ್ ಕೊಟ್ಟೇ ಒಳಗೆ ತಳ್ಳಬೇಕು, ಟ್ಯಾಬ್ ಒತ್ತಿದರೆ ಆಗುವುದಿಲ್ಲ. ಫೈಲಿನಲ್ಲಿ ಮೊದಲೇ ಕ್ಯಾಟಲಾಗ್ ಅನ್ನುವ ಭಾಗ ಇರುತ್ತದೆ, ಕೆಳಗೆ ಅದೇ ಹೆಸರಿನ ಇನ್ನೊಂದು ಬರೆಯಬೇಡಿ, ಇರುವುದರೊಳಗೇ ಸೇರಿಸಿ. ಶೆಡ್ಯೂಲ್ ಬಿಟ್ಟುಹೋಗಿದ್ದರೂ ಎರರ್ ಬರುತ್ತದೆ. 30 ನಿಮಿಷಕ್ಕೊಮ್ಮೆ ಓದು, 3 ನಿಮಿಷದಲ್ಲಿ ಮುಗಿಯದಿದ್ದರೆ ಬಿಡು ಅಂತ ಕೊಟ್ಟರೆ ಶುರುವಿಗೆ ಸಾಕು.

ವಿಳಾಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಒಂದು ಇಡೀ ಸಂಜೆ ಇದರಲ್ಲೇ ಹೋಗಿತ್ತು. ತ್ರೀಸ್ಕೇಲ್‌ನಲ್ಲಿ ಎರಡು ಥರದ ವಿಳಾಸ ಇರುತ್ತದೆ. ಒಂದು ನಿಮ್ಮ ಗ್ರಾಹಕರ ಆಪ್‌ಗಳು ಕರೆಯುವ ಗೇಟ್‌ವೇ, ಇನ್ನೊಂದು ನೀವು ಲಾಗಿನ್ ಆಗುವ ಅಡ್ಮಿನ್ ಪೋರ್ಟಲ್. ಪ್ಲಗಿನ್‌ಗೆ ಬೇಕಿರುವುದು ಅಡ್ಮಿನ್ ಪೋರ್ಟಲ್‌ದು. ನಾನು ಗೇಟ್‌ವೇದು ಕೊಟ್ಟಿದ್ದೆ, ಅದು ಉತ್ತರವನ್ನೂ ಕೊಡುತ್ತಿತ್ತು, ಹಾಗಾಗಿ ವಿಳಾಸ ಸರಿ ಇದೆ ಅಂದುಕೊಂಡು ಟೋಕನ್ ಮೇಲೆ ಟೋಕನ್ ಮಾಡುತ್ತಾ ಕೂತಿದ್ದೆ.

ಟೋಕನ್ ಮಾಡುವಾಗ ಅಕೌಂಟ್ ಮ್ಯಾನೇಜ್‌ಮೆಂಟ್ ಎಪಿಐ ಸ್ಕೋಪ್ ಆರಿಸಿ, ಅನುಮತಿ ರೀಡ್ ಓನ್ಲಿ ಇರಲಿ. ಮೀಟರ್ ನೋಡಲು ಬಂದ ಬೆಸ್ಕಾಂನವರಿಗೆ ಗೇಟು ತೆಗೆದರೆ ಸಾಕು, ಬೀರುವಿನ ಬೀಗದ ಕೈ ಕೊಡಬೇಕಾಗಿಲ್ಲ ಅಲ್ವಾ? ಸುಮ್ನೆ ಪರೀಕ್ಷೆಗೆ ಅಂತ ರೈಟ್ ಅನುಮತಿಯ ಟೋಕನ್ ಮಾಡಿ, ಅದನ್ನೇ ಕಾನ್ಫಿಗ್ ಫೈಲಿನಲ್ಲಿ ಬರೆದು, ಕೋಡ್ ಇಡುವ ಗಿಟ್‌ಗೆ ಹಾಕಿಬಿಡುವವರಿದ್ದಾರೆ. ಆಮೇಲೆ ಆ ಸಾಲು ಅಳಿಸಿದರೂ ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ನೀವೂ ಹಾಗೆ ಮಾಡಿದ್ದರೆ ಇವತ್ತೇ ಆ ಟೋಕನ್ ರದ್ದು ಮಾಡಿ. ಫೈಲಿನಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್‌ನ ಹೆಸರು ಮಾತ್ರ ಇರಲಿ.

ಬ್ರೌಸರ್‌ನಲ್ಲಿ ಅಡ್ಮಿನ್ ಪೋರ್ಟಲ್ ತೆರೆಯುತ್ತದೆ, ಬ್ಯಾಕೆಂಡ್ ಮಾತ್ರ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ ಅಂತಾದರೆ, ನಿಮ್ಮ ಆಫೀಸಿನದೇ ಸ್ವಂತ ಸರ್ಟಿಫಿಕೇಟ್ ಇರಬಹುದು. ಬ್ಯಾಕೆಂಡ್ ಓಡಿಸುವ ನೋಡ್ (Node.js) ತನ್ನದೇ ಪಟ್ಟಿಯನ್ನು ನಂಬುತ್ತದೆ. ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್ (NODE_EXTRA_CA_CERTS) ಅನ್ನುವ ವೇರಿಯಬಲ್‌ಗೆ ಆ ಸರ್ಟಿಫಿಕೇಟ್ ಫೈಲಿನ ದಾರಿ ಕೊಡಿ. ಸರ್ಟಿಫಿಕೇಟ್ ನೋಡುವ ಟಿಎಲ್‌ಎಸ್ ಪರೀಕ್ಷೆಯನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಎರರ್ ಇಲ್ಲ, ಆದರೂ ಎಪಿಐ ಬಂದಿಲ್ಲ ಅಂದರೆ ತ್ರೀಸ್ಕೇಲ್ ಕಡೆ ನೋಡಿ. ನಿಮ್ಮ ಪ್ರಾಡಕ್ಟ್‌ಗೆ ಆಕ್ಟಿವ್‌ಡಾಕ್ಸ್ (ತ್ರೀಸ್ಕೇಲ್‌ನಲ್ಲಿ ಎಪಿಐ ವಿವರಣೆ ಇಡುವ ಜಾಗ) ಜೋಡಿಸಿದ್ದೀರಾ? ಪ್ಲಗಿನ್ ಎಪಿಐ ವಿವರಣೆಯನ್ನು ತೆಗೆದುಕೊಳ್ಳುವುದು ಅಲ್ಲಿಂದಲೇ. ಮೊದಲು ಒಂದೇ ಪ್ರಾಡಕ್ಟ್‌ಗೆ, ಆ ವಿವರಣೆ ಇರುವ ಓಪನ್‌ಎಪಿಐ ಫೈಲನ್ನು ಅಲ್ಲಿ ಹಾಕಿ, ಬ್ಯಾಕೆಂಡ್ ರೀಸ್ಟಾರ್ಟ್ ಮಾಡಿ ನೋಡಿ. ಅದು ಬಂದರೆ ಉಳಿದವಕ್ಕೂ ಅದೇ ದಾರಿ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಹೋಗಿ, ಸರ್ವರ್‌ಗೆ ಹಾಕಿದಾಗ ಮತ್ತೆ ಖಾಲಿಯಾದರೆ ಗಾಬರಿಯಾಗಬೇಡಿ. ಲೋಕಲ್ ಕಾನ್ಫಿಗ್ ಫೈಲಿನಲ್ಲಿ ಬರೆದದ್ದು ಸರ್ವರ್‌ಗೆ ಹೋಗುವ ಡಾಕರ್ ಇಮೇಜಿನೊಳಗೆ ಹೋಗುವುದಿಲ್ಲ. ಪ್ರೊವೈಡರ್ ಭಾಗವನ್ನು ಪ್ರೊಡಕ್ಷನ್ ಕಾನ್ಫಿಗ್ ಫೈಲಿನಲ್ಲೂ ಬರೆಯಿರಿ, ಟೋಕನ್ ವೇರಿಯಬಲ್ ಅನ್ನು ಕಂಟೇನರ್‌ಗೆ ಕೊಡಿ. ಇಷ್ಟಾದ ಮೇಲೂ ಬರದಿದ್ದರೆ ಲಾಗ್‌ನಲ್ಲಿ ತ್ರೀಸ್ಕೇಲ್ ಹೆಸರಿರುವ ಸಾಲುಗಳನ್ನು ಬರೆದು ಕಳಿಸಿ, ಅದರಲ್ಲಿ ಟೋಕನ್ ಇದ್ದರೆ ಮೊದಲು ಅಳಿಸಿ.